ಬಾಗಿಲು ಹಾಕಿಕೊಂಡು ಕೇಳಿದ ಪ್ರಶ್ನೆಗಳು

ಮೊದಲ ಫಾರ್ಮು ತುಂಬಿದ ದಿನ ನನಗಾದ ಸಂತೋಷ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ತಿಕೋಟಾದಿಂದ ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ಆ ನಾಲ್ಕು ಪುಟಗಳನ್ನು ಎರಡು ಸಲ ಓದಿದ್ದೆ. ವಿದ್ಯಾರ್ಥಿಗಳು ತುಂಬಿ ತರುವ ಫಾರ್ಮುಗಳಲ್ಲಿ ‘ಹೌದು’, ‘ಇಲ್ಲ’, ‘ಗೊತ್ತಿಲ್ಲ’ ಬಿಟ್ಟರೆ ಬೇರೆ ಮಾತು ಕಾಣುವುದು ಅಪರೂಪ. ಇದರಲ್ಲಿ ಒಬ್ಬ ಹೆಂಗಸು ನಿಜಕ್ಕೂ ಮಾತಾಡಿದ್ದಳು. ಪಕ್ಕದಲ್ಲಿ ಕೂತಿದ್ದ ವಿದ್ಯಾರ್ಥಿನಿಗೆ, ‘ಇದನ್ನೇ ಮಾದರಿ ಅಂತ ಕ್ಲಾಸಿನಲ್ಲಿ ತೋರಿಸ್ತೀನಿ’ ಎಂದೆ. ಅವಳು ನಕ್ಕಳು.

ನಾನು ಸಮಾಜಕಾರ್ಯ ಪಾಠ ಮಾಡುವವಳು. ಕೊನೆಯ ವರ್ಷದ ಆರು ವಿದ್ಯಾರ್ಥಿನಿಯರ ಕ್ಷೇತ್ರಕಾರ್ಯದ ಹೊಣೆ ನನ್ನದಾಗಿತ್ತು. ದ್ರಾಕ್ಷಿ ಕೊಯ್ಯುವ, ಒಣದ್ರಾಕ್ಷಿ ಮಾಡುವ ಹೆಂಗಸರ ಕೈಗಳೇ ಆ ಸಲದ ವಿಷಯ. ಕೊಯ್ದ ಗೊನೆಗಳನ್ನು ಕ್ರೇಟಿನ ಸಮೇತ ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ. ಹಣ್ಣು ಬೇಗ ಒಣಗಲೆಂದು ಮಾಡುವ ಈ ದ್ರಾವಣ ಬೆರಳ ಸಂದಿಯ ಚರ್ಮವನ್ನೂ ಸುಲಿಯುತ್ತದೆ. ಕೈಗವಸು ಹಾಕಿಕೊಂಡರೆ ಗೊನೆ ಕೊಯ್ಯುವ ಕತ್ತರಿ ಜಾರುತ್ತದೆ, ಹೀಗಾಗಿ ಯಾರೂ ಹಾಕುವುದಿಲ್ಲ. ನಗರದ ಚರ್ಮವೈದ್ಯರೊಬ್ಬರು ಒಂದು ಭಾನುವಾರ ತಿಕೋಟಾಕ್ಕೆ ಬಂದು ನೋಡಲು ಒಪ್ಪಿದ್ದರು. ಯಾರಿಗೆ ಏನಾಗಿದೆ ಎಂಬ ವಿವರ ಮೊದಲೇ ಬರೆದು ಕೊಡಬೇಕೆಂಬುದು ಅವರ ಷರತ್ತು. ನಮ್ಮ ಕೈಯಲ್ಲಿ ಹನ್ನೆರಡು ದಿನಗಳಿದ್ದವು.

ಫಾರ್ಮು ತಯಾರಿಸಿದ್ದು ನಾನೇ. ‘ಮಾಹಿತಿದಾರರನ್ನು ಒಬ್ಬೊಬ್ಬರನ್ನಾಗಿ, ಬೇರೆಯವರಿಗೆ ಕೇಳಿಸದ ಜಾಗದಲ್ಲಿ ಸಂದರ್ಶಿಸುವುದು’ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಬೇರೆ ಬೇರೆ ಹಿನ್ನೆಲೆಯ ಜನರೊಂದಿಗೆ ಬೆರೆಯುವ ಕೌಶಲದ ಬಗ್ಗೆ ವಿಭಾಗದಲ್ಲಿ ಒಂದು ಪತ್ರಿಕೆಯೇ ಇದೆ. ಅದನ್ನು ಪಾಠ ಮಾಡುವವಳೂ ನಾನೇ. ಹುಟ್ಟಿ ಬೆಳೆದದ್ದು ಇದೇ ಜಿಲ್ಲೆಯ ಕಾಖಂಡಕಿಯಲ್ಲಿ. ಈ ಕಡೆಯ ಜನರ ನಾಡಿ ನನಗೆ ಗೊತ್ತು ಎಂದು ಸಹೋದ್ಯೋಗಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆರು ಮಂದಿಯಲ್ಲಿ ಒಬ್ಬಳು ಮೈಸೂರಿನಿಂದ ಬಂದವಳು. ಅವಳ ನುಣುಪು ಮಾತು ಕೇಳಿ, ‘ಇಲ್ಲಿಯ ಹೆಂಗಸರು ನಿನ್ನ ಮುಂದೆ ಬಾಯಿ ಬಿಡಬೇಕಾದರೆ ಆರು ತಿಂಗಳು ಬೇಕು’ ಎಂದು ತಮಾಷೆ ಮಾಡಿದ್ದೆ. ಮೊದಲ ಫಾರ್ಮು ತುಂಬಿಸಿಕೊಂಡು ಬಂದವಳು ಅವಳೇ.

ಅಂದು ಮಂಗಳವಾರ. ತಿಕೋಟಾ ನಿಲ್ದಾಣದಿಂದ ಶೆಡ್ಡಿನವರೆಗೆ ತೋಟದ ಮಾಲೀಕರು ತಮ್ಮ ಜೀಪು ಕಳಿಸಿದ್ದರು. ಬಿಸಿಲಿತ್ತು, ಹತ್ತಿದೆವು. ಮಾತಾಡಲು ಬೇರೆ ಜಾಗ ಬೇಕೆಂದಾಗ ತಮ್ಮ ಆಫೀಸು ಕೋಣೆಯನ್ನೇ ಬಿಟ್ಟುಕೊಟ್ಟರು. ಫ್ಯಾನಿತ್ತು, ಕುರ್ಚಿಗಳಿದ್ದವು, ಬಾಗಿಲಿಗೆ ಚಿಲಕವಿತ್ತು. ಸೆರಗಿನಡಿ ಎಡಗೈ ಮುಚ್ಚಿಕೊಂಡು ಓಡಾಡುತ್ತಿದ್ದ, ಘೋಣಸಗಿ ಎಂಬ ಹಳ್ಳಿಯ ಒಬ್ಬ ಹೆಂಗಸನ್ನು ಮೈಸೂರಿನ ಹುಡುಗಿ ಗಮನಿಸಿ ಒಳಗೆ ಕರೆದಳು. ಮುಕ್ಕಾಲು ಗಂಟೆ ಬಾಗಿಲು ತೆರೆಯಲಿಲ್ಲ. ಹೊರಗೆ ಟೋಳಿಯ, ಎಂದರೆ ಒಟ್ಟಾಗಿ ಕೂಲಿಗೆ ಬರುವ ಆ ಗುಂಪಿನ, ಉಳಿದ ಹೆಂಗಸರು ಬಲೆಗಳ ಮೇಲೆ ಹಣ್ಣು ಹರವುತ್ತಾ ಆಗಾಗ ಆ ಬಾಗಿಲು ನೋಡುತ್ತಿದ್ದರು. ಅವರ ಮುಂದಾಳು ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವಳು ಮಾತ್ರ ಒಮ್ಮೆಯೂ ನೋಡಲಿಲ್ಲ. ಅದನ್ನೂ ನಾನು ಒಳ್ಳೆಯ ಲಕ್ಷಣವೆಂದೇ ತಿಳಿದೆ.

ಬುಧವಾರ ಬೆಳಿಗ್ಗೆ ಮೈಸೂರಿನ ಹುಡುಗಿಯ ಫೋನು ಬಂತು.

‘ಮೇಡಂ, ಅವರನ್ನ ಟೆಂಪೋ ಹತ್ತಿಸ್ಕೊಂಡಿಲ್ವಂತೆ. ದಾರೀಲಿ ನಿಂತಿದ್ರಂತೆ, ನಿಲ್ಲಿಸದೇ ಹೋಗ್ಬಿಟ್ರಂತೆ.’

‘ನಿನಗೆ ಯಾರು ಹೇಳಿದರು?’

‘ಅವರೇ ಫೋನ್ ಮಾಡಿದ್ರು. ನನ್ನ ನಂಬರ್ ಕೊಟ್ಟಿದ್ದೆ.’

ಮಾಹಿತಿದಾರರಿಗೆ ಸ್ವಂತ ನಂಬರು ಕೊಡಬಾರದೆಂದು ನಾನೇ ಹೇಳಿದ್ದೆ. ಮೊದಲು ಅದಕ್ಕೇ ಬೈದೆ. ಬೈದು ಮುಗಿಸಿದ ಮೇಲೆ ವಿಷಯ ತಲೆಗೆ ಹೋಯಿತು. ಟೋಳಿ ಊರೂರು ಸುತ್ತಿ ಹೆಂಗಸರನ್ನು ಹತ್ತಿಸಿಕೊಂಡು ತೋಟಕ್ಕೆ ಹೋಗುತ್ತದೆ. ಟೆಂಪೋ ನಿಲ್ಲಲಿಲ್ಲವೆಂದರೆ ಆ ದಿನದ ಕೆಲಸವಷ್ಟೇ ಹೋಗುವುದಿಲ್ಲ. ಕೊಯ್ಲಿನ ಹಂಗಾಮು ಮುಗಿಯುವವರೆಗೂ ಅವಳಿಗೆ ಜಾಗವಿಲ್ಲ ಎಂದರ್ಥ. ಒಂದು ಟೋಳಿ ಇಳಿಸಿದವಳನ್ನು ಇನ್ನೊಂದು ಟೋಳಿ ಸುಲಭಕ್ಕೆ ಹತ್ತಿಸಿಕೊಳ್ಳುವುದಿಲ್ಲ.

ಹತ್ತೂವರೆಗೆ ಇಬ್ಬರೂ ಘೋಣಸಗಿಯಲ್ಲಿದ್ದೆವು. ಆ ಹೆಂಗಸು ಕಟ್ಟೆಯ ಮೇಲೆ ಕೂತಿದ್ದಳು. ಕೆಲಸದ ದಿನ ಮನೆಯಲ್ಲಿರುವುದೇ ಅವಳಿಗೆ ಅವಮಾನವಾಗಿತ್ತು. ಹಾದುಹೋಗುವವರೆಲ್ಲ ‘ಯಾಕ ಬೇ, ಆರಾಮಿಲ್ಲೇನು?’ ಎಂದು ಕೇಳುತ್ತಿದ್ದರು.

‘ಮಾಲಕರ ಜೀಪಿನ್ಯಾಗ ಬಂದ್ರಿ, ಮಾಲಕರ ಖೋಲ್ಯಾಗ ಕೂಡ್ರಿಸಿದ್ರಿ, ಬಾಗಲಾ ಹಾಕಿದ್ರಿ’ ಎಂದಳು. ಜಗಳದ ದನಿಯಲ್ಲ, ಎಲ್ಲವನ್ನೂ ಬೆರಳು ಮಡಚಿ ಎಣಿಸುವ ದನಿ. ‘ನಾ ಒಳಗ ಏನ ಹೇಳೇನಿ ಅಂತ ಅವರಿಗೆ ಹೆಂಗ ತಿಳೀಬೇಕ್ರಿ ಅಕ್ಕಾರ? ಯಾರ ಕೆಲಸಾ ಮಾಡ್ತಾರ, ಯಾರ ಕಳ್ಳಾಟಾ ಮಾಡ್ತಾರ, ಎಲ್ಲಾ ಹೇಳಿ ಬಂದೇನಿ ಅಂತ ಮಾತಾಡಾಕತ್ತಾರ.’

ಟೋಳಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಗಿನವರೊಡನೆ ಮಾತಾಡುವುದಿಲ್ಲ. ಒಬ್ಬಳನ್ನು ಕೇಳಿದರೆ ನಾಲ್ವರು ಉತ್ತರ ಹೇಳುತ್ತಾರೆ. ಅದೇ ಅವರ ಕಾವಲು. ನನ್ನ ಅವ್ವನೂ ಕಾಖಂಡಕಿಯಲ್ಲಿ ಕಳೆ ಕೀಳಲು ಗುಂಪಿನಲ್ಲಿ ಹೋದವಳೇ. ಹೊಲದ ಯಜಮಾನ ಯಾರನ್ನಾದರೂ ಬದಿಗೆ ಕರೆದರೆ ಉಳಿದವರ ಮುಖ ಹೇಗಾಗುತ್ತಿತ್ತೆಂದು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದನ್ನು ಫಾರ್ಮು ಬರೆಯುವಾಗ ಪೂರ್ತಿ ಮರೆತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

‘ನೀವು ಬರಕೊಂಡದ್ದನ್ನ ಟೋಳಿ ಮುಂದ ಓದ್ರಿ. ಅಷ್ಟ ಮಾಡ್ರಿ, ಸಾಕು’ ಎಂದಳು ಆಕೆ.

‘ಅದು ಓದಾಕ ಬರೂದಿಲ್ಲವಾ. ನಿನ್ನ ಖಾಸಗಿ ಮಾತದ. ನಾ ಮುಂದಾಳಿಗೆ ತಿಳಿಸಿ ಹೇಳ್ತೀನಿ’ ಎಂದೆ.

ಅಲ್ಲಿಂದ ಸೀದಾ ತೋಟಕ್ಕೆ ನಡೆದೆವು. ಈ ಸಲ ಜೀಪಿಲ್ಲ. ಮುಂದಾಳು ಬಳ್ಳಿಯ ಸಾಲಿನ ನಡುವೆ ಗೊನೆ ಕೊಯ್ಯುತ್ತಿದ್ದಳು. ನಾನು ನಿಂತೇ ಪಾಠ ಶುರು ಮಾಡಿದೆ. ಇದು ಆರೋಗ್ಯದ ಸಮೀಕ್ಷೆ, ಮಾಲೀಕರಿಗೂ ಇದಕ್ಕೂ ಸಂಬಂಧವಿಲ್ಲ, ಯಾರು ಏನು ಹೇಳಿದರೂ ಅದು ಗೌಪ್ಯವಾಗಿರುತ್ತದೆ.

‘ಗೌಪ್ಯ ಅಂದ್ರ ಮುಚ್ಚಿಡೂದು ಹೌದಲ್ರಿ?’ ಎಂದಳು, ಕತ್ತರಿ ನಿಲ್ಲಿಸದೆ.

‘ಹೌದು.’

‘ನಾವೂ ಅದನ್ನ ಅಂದದ್ದರಿ. ಏನೋ ಮುಚ್ಚಿಟ್ಟಾಳ ಅಂತ.’

ಪಕ್ಕದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಪ್ಪತ್ತು ವರ್ಷ ಪಾಠ ಮಾಡಿದವಳು ಅಲ್ಲಿ ಬೆವರೊರೆಸಿಕೊಳ್ಳುತ್ತಾ ನಿಂತೆ.

ಗುರುವಾರ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕಾಲೇಜಿನಲ್ಲಿ ಕೂರಲಾಗಲಿಲ್ಲ. ಎರಡು ತರಗತಿಗಳ ನಡುವೆ ವರಾಂಡದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದೆ. ಕಡೆಗೆ ಯೋಚಿಸದೆ ತೋಟದ ಮಾಲೀಕರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ಕೇಳಿ ಪೇಚಾಡಿಕೊಂಡರು. ‘ಅಷ್ಟ ಹೌದಲ್ರಿ ಮೇಡಮ್ಮಾರ? ನಾ ಈಗ ಹೇಳ್ತೀನಿ ಬಿಡ್ರಿ’ ಎಂದರು. ಫೋನಿಟ್ಟಾಗ ಮನಸ್ಸು ಹಗುರಾಯಿತು.

ಶುಕ್ರವಾರವೂ ಟೆಂಪೋ ನಿಲ್ಲಲಿಲ್ಲ. ಮಾಲೀಕರು ಶೆಡ್ಡಿಗೆ ಹೋಗಿ, ‘ಆ ಘೋಣಸಗಿಯಾಕೀನ ನಾಳಿಂದ ಕರಕೊಂಡ ಬರ್ರಿ’ ಎಂದಿದ್ದರಂತೆ. ‘ನೋಡ್ರೆವಾ, ಮಾಲಕರ ಕಡಿಂದ ಹೇಳಿಸ್ಯಾಳ’ ಎಂದು ಟೋಳಿಯಲ್ಲಿ ಮಾತೆದ್ದಿತು. ಅಲ್ಲಿಯವರೆಗೆ ಇದ್ದದ್ದು ಸಂಶಯ. ನನ್ನ ಒಂದು ಫೋನು ಅದಕ್ಕೆ ಸಾಕ್ಷಿ ಒದಗಿಸಿತ್ತು. ಉಳಿದ ಐವರು ವಿದ್ಯಾರ್ಥಿನಿಯರಿಗೆ ಯಾವ ಶೆಡ್ಡಿನಲ್ಲೂ ಯಾರೂ ಮುಖ ಕೊಡಲಿಲ್ಲ. ಒಂದೂ ಫಾರ್ಮು ತುಂಬಲಿಲ್ಲ.

ಅಂದೇ ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಫಾರ್ಮನ್ನು ಟೋಳಿಯ ಮುಂದೆ ಓದಬೇಕೆಂದು ಆ ಹೆಂಗಸೇ ಕೇಳುತ್ತಿದ್ದಾಳೆ, ಏನು ಮಾಡಲಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಗೌಪ್ಯತೆ ಕಾಪಾಡ್ತೀವಿ ಅಂತ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡೀರಿ. ಓದಿದಿರಿ ಅಂದರ ಇಡೀ ವರದಿ ರದ್ದಾಗ್ತದ. ಆ ಹುಡುಗಿ ಈ ಪತ್ರಿಕೆಯೊಳಗ ಫೇಲು. ನಾ ಏನೂ ಮಾಡಾಕ ಆಗೂದಿಲ್ಲ ನೋಡ್ರಿ.’

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕಾಡಿತು. ಆ ನಿಯಮ ಇರುವುದು ಬಡ ಹೆಂಗಸಿನ ಮಾತು ಅವಳಿಗೇ ಮುಳುವಾಗಬಾರದೆಂದು. ಇಲ್ಲಿ ನಮ್ಮ ಮೌನವೇ ಅವಳಿಗೆ ಮುಳುವಾಗಿತ್ತು. ಒಬ್ಬಳ ಹಂಗಾಮು ಒಂದು ಕಡೆ, ಇನ್ನೊಬ್ಬಳ ಡಿಗ್ರಿ ಇನ್ನೊಂದು ಕಡೆ. ಎರಡಕ್ಕೂ ಕಾರಣಳಾದ ನಾನು ಸಂಬಳ ತೆಗೆದುಕೊಂಡು ಸುಖವಾಗಿದ್ದೆ.

ಶನಿವಾರ ಬೆಳಿಗ್ಗೆ ಮೈಸೂರಿನ ಹುಡುಗಿಯನ್ನು ಕರೆದು ಎಲ್ಲ ಹೇಳಿದೆ. ಫೇಲಾಗುವ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಅಳುತ್ತಾಳೆಂದುಕೊಂಡಿದ್ದೆ.

‘ಮೇಡಂ, ಆ ಮಾತು ಅವರದ್ದು, ನಮ್ಮದಲ್ಲ’ ಎಂದಳು. ‘ಅವರು ವಾಪಸ್ ಕೇಳಿದ್ರೆ ಕೊಡ್ಲೇಬೇಕಲ್ವಾ? ಆದ್ರೆ ಸುಮ್ನೆ ಹೋಗಿ ಓದಿಬಿಡೋದು ಬೇಡ. ಮೊದಲು ಅವರ ಮನೇಲಿ ಅವರೊಬ್ಬರಿಗೇ ಪೂರ್ತಿ ಓದೋಣ. ಯಾವುದು ಬೇಡ ಅಂತಾರೋ ಅದನ್ನ ಅವರ ಎದುರೇ ಹೊಡೆದುಹಾಕೋಣ. ಉಳಿದದ್ದನ್ನ ಓದೋಕೆ ಹೊಸದಾಗಿ ಒಪ್ಪಿಗೆ ತಗೊಳ್ಳೋಣ.’

ಮೂರು ದಿನ ಊರೆಲ್ಲ ಓಡಾಡಿದ ನನಗೆ ಇಷ್ಟು ಸರಳವಾದದ್ದು ಹೊಳೆದಿರಲಿಲ್ಲ. ಕ್ಷೇತ್ರಕಾರ್ಯದ ನಿರ್ಧಾರ ನನ್ನದು, ವಿದ್ಯಾರ್ಥಿನಿ ನನ್ನ ಸೂಚನೆಯಂತೆ ನಡೆದಿದ್ದಾಳೆ, ಕ್ರಮವಾಗುವುದಿದ್ದರೆ ನನ್ನ ಮೇಲಾಗಲಿ ಎಂದು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಮಧ್ಯಾಹ್ನದ ಬಸ್ಸು ಹಿಡಿದೆವು.

ಘೋಣಸಗಿಯಲ್ಲಿ ಹುಡುಗಿ ನಿಧಾನಕ್ಕೆ ಓದಿದಳು. ಬೆರಳ ಸಂದಿಯಲ್ಲಿ ಸುಲಿದು ನೀರು ಬರುತ್ತದೆ. ಎಡಗೈಯ ಎರಡು ಬೆರಳಿಗೆ ಮುಟ್ಟಿದ್ದು ತಿಳಿಯುವುದಿಲ್ಲ. ರೊಟ್ಟಿಯ ಹಿಟ್ಟು ನಾದುವುದು ಮಗಳ ಕೆಲಸವಾಗಿದೆ. ಟೋಳಿಯಲ್ಲಿ ಗೊತ್ತಾದರೆ ಇಳಿಸುತ್ತಾರೆಂದು ಮುಚ್ಚಿಟ್ಟಿದ್ದಾಳೆ. ಹೇಗೂ ಇಳಿಸಿಯಾಗಿತ್ತಲ್ಲ, ಆಕೆ ಪ್ರತಿ ಸಾಲಿಗೂ ‘ಹೌದ್ರಿ, ಓದ್ರಿ’ ಎನ್ನುತ್ತಿದ್ದಳು. ಮೂರನೆಯ ಪುಟದಲ್ಲಿ, ಬಸ್ಸಿನಲ್ಲಿ ಎರಡು ಸಲ ಓದಿಯೂ ನಾನು ಗಮನ ಕೊಡದೆ ಬಿಟ್ಟಿದ್ದ ಒಂದು ಮಾತು ಬಂತು. ಕೈ ಸೋತು ತನ್ನ ಸಾಲು ಹಿಂದೆ ಬಿದ್ದಾಗ, ಉಳಿದವರು ನೀರು ಕುಡಿಯಲು ಹೋದ ಹೊತ್ತು ನೋಡಿ ಮುಂದಾಳು ಬಂದು ತನ್ನ ಕ್ರೇಟು ತುಂಬಿಸಿಕೊಡುತ್ತಾಳೆ. ಹೋದ ವರ್ಷ ಕೈ ಸಾಗದ ಇನ್ನೊಬ್ಬಳನ್ನು ಇಳಿಸಿದವಳು ತನ್ನನ್ನು ಮಾತ್ರ ಉಳಿಸಿಕೊಂಡಿದ್ದಾಳೆ.

ನನ್ನ ಎದೆ ಹಗುರಾಯಿತು. ಮುಂದಾಳನ್ನು ಹೊಗಳಿದ ಮಾತು! ಇದನ್ನು ಕೇಳಿದರೆ ಅವಳ ಸಿಟ್ಟು ಅಲ್ಲೇ ಇಳಿಯುತ್ತದೆ, ಟೆಂಪೋ ನಿಲ್ಲುತ್ತದೆ.

‘ಅದೊಂದು ಓದಬ್ಯಾಡ್ರಿ’ ಎಂದಳು ಆಕೆ.

‘ಯಾಕವಾ? ಅದನ್ನ ಕೇಳಿದರನ ಆಕೀಗೆ ತಿಳೀತದ’ ಎಂದೆ ನಾನು, ಅವಸರದಲ್ಲಿ.

‘ಎಲ್ಲಾರ ಮುಂದ ಹ್ಯಾಂಗ ಓದ್ತೀರಿ ಅಕ್ಕಾರ? ಹೋದ ವರ್ಸ ಇಳಿದಾಕಿ ತಂಗಿ ಈಗ ಅದಽ ಟೋಳ್ಯಾಗ ಅದಾಳ. ಒಬ್ಬಾಕಿಗೊಂದು ನ್ಯಾಯಾ ಅಂತ ಆಕೀನ ಹರಕೊಂಡ ತಿಂತಾರ. ಆಕಿ ನನಗ ಉಪಕಾರ ಮಾಡ್ಯಾಳ. ನಾ ಆಕಿ ಮಾನಾ ಕಳೀಲ್ಯಾ?’

ನಾನು ಮತ್ತೆ ಬಾಯಿ ತೆರೆಯುವುದರೊಳಗೆ ಹುಡುಗಿ ಕಪ್ಪು ಪೆನ್ನು ತೆಗೆದು, ಅವಳಿಗೆ ತೋರಿಸುತ್ತಲೇ, ಆ ಸಾಲುಗಳ ಮೇಲೆ ಗೆರೆ ಎಳೆದಳು. ಒಂದು ಅಕ್ಷರವೂ ಕಾಣದ ಹಾಗೆ ಎಳೆದಳು. ಆಮೇಲೆ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡಳು. ಆ ಹೆಂಗಸನ್ನು ಉಳಿಸಬಹುದಾಗಿದ್ದ ಒಂದೇ ಮಾತು ಅದು, ಹೋಯಿತು ಎಂದು ನಾನು ಒಳಗೊಳಗೇ ಒದ್ದಾಡಿದೆ.

ಭಾನುವಾರ ಮಧ್ಯಾಹ್ನ ಟೋಳಿ ಬುತ್ತಿ ಬಿಚ್ಚುವ ಹೊತ್ತಿಗೆ ಹೋದೆವು. ಘೋಣಸಗಿಯ ಹೆಂಗಸೂ ನಮ್ಮ ಜೊತೆ ನಡೆದು ಬಂದಿದ್ದಳು. ಶೆಡ್ಡಿನ ನೆರಳಲ್ಲಿ ಹದಿನಾಲ್ಕು ಮಂದಿ ಸುತ್ತ ಕೂತಿದ್ದರು. ಯಾರೂ ‘ಬರ್ರಿ’ ಎನ್ನಲಿಲ್ಲ. ಈ ಕಡೆ ಊಟದ ಹೊತ್ತಿಗೆ ಬಂದವರನ್ನು ಬಾಯಿಮಾತಿಗೂ ಕರೆಯದಿರುವುದು ಎಂಥ ಸಿಟ್ಟೆಂದು ನನಗೆ ಗೊತ್ತು. ಹುಡುಗಿಗೆ ಗೊತ್ತಿತ್ತೋ ಇಲ್ಲವೋ, ಅವಳು ನೆಲದ ಮೇಲೆ ಕೂತುಬಿಟ್ಟಳು.

‘ಮಂಗಳವಾರ ನಾನು ಇವರನ್ನ ಒಳಗೆ ಕರೆದು ಬಾಗಿಲು ಹಾಕ್ಕೊಂಡೆ. ನನ್ನದು ತಪ್ಪಾಯ್ತು. ಒಳಗೆ ಏನು ಬರೆದೆ ಅಂತ ಇವರು ಓದು ಅಂದಿದ್ದಾರೆ, ಓದ್ತೀನಿ’ ಎಂದಳು.

ಓದಿದಳು. ಬೆರಳಿನ ಮಾತು ಬಂದಾಗ ಒಬ್ಬಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಇಳಿಸುತ್ತಾರೆಂಬ ಹೆದರಿಕೆಯ ಮಾತು ಬಂದಾಗ ಘೋಣಸಗಿಯ ಹೆಂಗಸು ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದಳು. ನನ್ನ ಕಣ್ಣು ಮಾತ್ರ ಮುಂದಾಳಿನ ಮೇಲೆ. ಅವಳು ಊಟ ಬಿಟ್ಟು ಏನೋ ಕಾಯುತ್ತಿದ್ದಳು. ಅಷ್ಟು ದಿನದ ಅವಳ ಬಿರುಸಿಗೆ ಕಾರಣ ನನಗೆ ಆಗ ಹೊಳೆಯಿತು. ಕದ್ದು ತುಂಬಿಸಿದ ಕ್ರೇಟಿನ ಸುದ್ದಿ ಹೊರಬಿದ್ದಿದೆ ಎಂಬ ಹೆದರಿಕೆ ಅದು. ಈಗ ಎಲ್ಲರ ಮುಂದೆ ಅದೇ ಬರುತ್ತದೆಂದು ಮೈ ಬಿಗಿಹಿಡಿದು ಕೂತಿದ್ದಳು. ಹುಡುಗಿ ಮೂರನೆಯ ಪುಟ ಮುಗಿಸಿದಳು, ನಾಲ್ಕನೆಯದನ್ನೂ ಮುಗಿಸಿದಳು. ಆ ಮಾತು ಬರಲಿಲ್ಲ.

‘ಮುಗೀತೇನು?’ ಎಂದಳು ಮುಂದಾಳು.

‘ಮುಗೀತು.’

‘ಆ ಕರೀ ಗೆರಿ ಯಾತರದ್ದು?’

‘ಅದು ಓದಬೇಡ ಅಂತ ಇವರೇ ಹೊಡೆಸಿದ್ರು.’

ಒಂದಿಬ್ಬರು, ‘ಏನದು? ಓದಸ್ರೆಲಾ’ ಎಂದರು. ಮುಂದಾಳು ಘೋಣಸಗಿಯ ಹೆಂಗಸಿನ ಮುಖವನ್ನೇ ನೋಡಿದಳು. ಆಕೆ ತಲೆ ಎತ್ತಲಿಲ್ಲ.

‘ಬ್ಯಾಡ ಅಂದಾಳಲ್ಲ, ಬಿಡ್ರಿ’ ಎಂದು ಗದರಿದಳು ಮುಂದಾಳು. ತನ್ನ ಬುತ್ತಿಯಿಂದ ಒಂದು ರೊಟ್ಟಿ ತೆಗೆದು, ಪಲ್ಯ ಹಾಕಿ, ಆಕೆಯ ಕಡೆ ಚಾಚಿದಳು. ‘ಹಿಡಿ ಬೇ. ನಡಕೋತ ಬಂದಿ.’ ಆಮೇಲೆ ತನ್ನ ಎರಡೂ ಕೈಗಳನ್ನು ಹುಡುಗಿಯ ಮುಂದೆ ಹಿಡಿದಳು. ಅಂಗೈ ಬಿರಿದು ಗೆರೆಗಳೆಲ್ಲ ಕೆಂಪಾಗಿದ್ದವು. ‘ನನ್ನವೂ ಬರಕೋ ತಂಗಿ. ಎಲ್ಲಾರ ಮುಂದ ಬರಕೋ.’

ಚರ್ಮವೈದ್ಯರಿಗೆ ಕೊಡಬೇಕಿದ್ದ ವಿವರ, ಹದಿನಾಲ್ಕು ಮಂದಿಯದ್ದೂ, ಆ ಮಧ್ಯಾಹ್ನವೇ ಆಯಿತು. ಒಬ್ಬಳು ತನ್ನ ನೋವು ಕಡಿಮೆ ಹೇಳಿದರೆ ಪಕ್ಕದವಳು ತಿದ್ದುತ್ತಿದ್ದಳು. ನಾನು ಬೇರೆಯವರಿಗೆ ಕೇಳಿಸಬಾರದೆಂದು ಕಟ್ಟಿದ ಗೋಡೆಯ ಹೊರಗೇ ಇಷ್ಟೆಲ್ಲ ಸತ್ಯ ಇತ್ತು. ಮನೆಗೆ ಹೋಗಿ ಮೊದಲ ಪುಟದ ದಪ್ಪ ಅಕ್ಷರಗಳನ್ನು ಅಳಿಸಿ, ‘ಎಲ್ಲಿ, ಯಾರ ಮುಂದೆ ಮಾತಾಡಬೇಕೆಂದು ಅವರನ್ನೇ ಕೇಳುವುದು’ ಎಂದು ಬರೆದೆ.

ಆದರೂ ನೆಮ್ಮದಿಯಾಗಲಿಲ್ಲ. ಮುಖ್ಯಸ್ಥರ ಮೇಜಿನ ಮೇಲಿಟ್ಟ ಹಾಳೆಗೆ ಇನ್ನೂ ಉತ್ತರ ಬಂದಿರಲಿಲ್ಲ, ಆದರೆ ನನ್ನನ್ನು ಕಾಡಿದ್ದು ಅದಲ್ಲ. ರೊಟ್ಟಿ ಕೊಡುವುದು ಬೇರೆ, ಟೆಂಪೋ ನಿಲ್ಲಿಸುವುದು ಬೇರೆ. ಕೈ ಸಾಗದವಳೆಂದು ಈಗ ಎಲ್ಲರಿಗೂ ಗೊತ್ತಾಗಿತ್ತಲ್ಲ. ನಾವೇ ಓದಿ ಹೇಳಿದ್ದೆವಲ್ಲ. ಸೋಮವಾರ ನಸುಕಿನಲ್ಲೇ ಎದ್ದು ಮೊದಲ ಬಸ್ಸು ಹಿಡಿದೆ. ಯಾರಿಗೂ ಹೇಳಲಿಲ್ಲ. ಘೋಣಸಗಿಯ ರಸ್ತೆ ಬದಿಗೆ ಆ ಹೆಂಗಸು ಬುತ್ತಿ ಗಂಟು ಹಿಡಿದು ಆಗಲೇ ನಿಂತಿದ್ದಳು. ನಾನು ಸ್ವಲ್ಪ ದೂರದಲ್ಲಿ ನಿಂತು ಹತ್ತು ಸಲ ಗಡಿಯಾರ ನೋಡಿದೆ.

ಟೆಂಪೋ ಬಂತು. ವೇಗ ಕಡಿಮೆಯಾದಂತೆ ಕಾಣಲಿಲ್ಲ. ಅವಳನ್ನು ದಾಟಿ ಹತ್ತು ಮಾರು ಹೋಗಿ ನಿಂತಿತು. ಅವಳು ಓಡಿದಳು. ಒಳಗಿನಿಂದ ನಾಲ್ಕಾರು ಕೈಗಳು ಹೊರಬಂದು ಅವಳನ್ನು ಎಳೆದುಕೊಂಡವು. ‘ಇನ್ನ ಮ್ಯಾಲ ನೀ ಕತ್ತರಿ ಹಿಡೀಬ್ಯಾಡ. ಬಲಿ ಮ್ಯಾಗಿನ ಹಣ್ಣು ಹೊಳ್ಳಿ ಹಾಕು’ ಎಂದು ಯಾರೋ ದೊಡ್ಡ ದನಿಯಲ್ಲಿ ಹೇಳುವುದು ಕೇಳಿಸಿತು. ಬಲೆಯ ಮೇಲೆ ಒಣಗುವ ಹಣ್ಣು ಮಗುಚಲು ಕತ್ತರಿಯೂ ಬೇಡ, ದ್ರಾವಣದಲ್ಲಿ ಕೈ ಅದ್ದುವುದೂ ಬೇಡ.

ನನ್ನ ಕಣ್ಣು ತುಂಬಿ ಬಂತು. ಗೊತ್ತಾಗದಿರಲೆಂದು ಮುಖ ತಿರುಗಿಸಿದ್ದೆ. ಮುಂದಾಳು ಟೆಂಪೋದಿಂದ ಹೊರಗೆ ಬಗ್ಗಿ ಕೂಗಿದಳು.

‘ಅಕ್ಕಾರ, ನೀವು ಯಾಕ ದಿನಾ ಓಡ್ಯಾಡ್ತೀರಿ? ನೀವು ಬರಬ್ಯಾಡ್ರಿ. ಆ ಹುಡುಗೀನ ಕಳಸ್ರಿ, ಸಾಕು.’

ಟೆಂಪೋದಲ್ಲಿದ್ದವರೆಲ್ಲ ನಕ್ಕರು. ನಾನೂ ಕೈಯೆತ್ತಿ ಆಯಿತೆಂದೆ. ವಿಜಯಪುರದ ಕಡೆ ಹೋಗುವ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.